ಲೇಸರ್ ಜಾಲರಿಯಲ್ಲಿ ಪರಮಾಣುಗಳು ಬಿಸಿಯಾಗುತ್ತಿದ್ದಾಗ: ನನ್ನ ಅನುಭವ

2002ರಲ್ಲಿ ಮ್ಯೂನಿಕ್‌ನ ಪ್ರಯೋಗಾಲಯದಲ್ಲಿ ರುಬಿಡಿಯಂ-87 ಪರಮಾಣುಗಳು ಲೇಸರ್ ಕಿರಣಗಳು ಹೆಣೆದ ಬೆಳಕಿನ ಜಾಲರಿಯೊಳಗೆ ಅತಿದ್ರವ ಸ್ಥಿತಿಯಿಂದ (ಪರಮಾಣುಗಳು ಅಡೆತಡೆಯಿಲ್ಲದೆ ಹರಿಯುವ ಸ್ಥಿತಿ) ಮಾಟ್ ನಿರೋಧಕ ಸ್ಥಿತಿಗೆ (ಅವು ತಮ್ಮ ಗುಂಡಿಗಳಲ್ಲೇ ನಿಂತುಬಿಡುವ ಸ್ಥಿತಿ) ದಾಟಿದ್ದವು. ಇಂಥ ಕ್ವಾಂಟಮ್ ಸಿಮ್ಯುಲೇಶನ್ನೇ, ಅಂದರೆ ಹಿಡಿತದಲ್ಲಿರುವ ಪರಮಾಣುಗಳಿಂದ ಬೇರೆ ವಸ್ತುಗಳ ಕ್ವಾಂಟಮ್ ನಡವಳಿಕೆಯನ್ನು ಅನುಕರಿಸಿ ನೋಡುವುದೇ, ನಮ್ಮ ಗುರಿ. ಆದರೆ ನಮ್ಮ 1064 ನ್ಯಾನೊಮೀಟರ್ ತರಂಗಾಂತರದ ಲೇಸರ್ ಜಾಲರಿಯಲ್ಲಿ ಪರಮಾಣುಗಳು ನಿಲ್ಲುತ್ತಲೇ ಇರಲಿಲ್ಲ.

ಎಲ್ಲರೂ ಮೊದಲು ಅನುಮಾನಿಸುವುದು ನಿರ್ವಾತವನ್ನು. ಅದು ಕೆಟ್ಟಿದ್ದರೆ ಉಳಿದ ಅನಿಲದ ಅಣುಗಳು ಗುದ್ದಿ, ಮುಖ್ಯವಾಗಿ ಪರಮಾಣುಗಳ ಸಂಖ್ಯೆ ಇಳಿಯಬೇಕು. ಇಲ್ಲಿ ಪರಮಾಣುಗಳ ಮೋಡವೂ ಉಬ್ಬುತ್ತಿತ್ತು, ಅಂದರೆ ಬಿಸಿ ಏರುತ್ತಿತ್ತು. ಈ ವ್ಯತ್ಯಾಸವೇ ದಾರಿ ತೋರಿಸಿತು.

ಜಾಲರಿಯ ಪ್ರತಿ ಗುಂಡಿಯಲ್ಲೂ ಪರಮಾಣು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ತೂಗುತ್ತದೆ. ಬೆಳಕಿನ ತೀವ್ರತೆ ಅದರ ಎರಡರಷ್ಟು ಆವರ್ತನದಲ್ಲಿ ಏರಿಳಿದರೆ ಶಕ್ತಿ ತುಂಬುತ್ತಲೇ ಹೋಗುತ್ತದೆ: ಉಯ್ಯಾಲೆ ಜೀಕುವವರು ಒಂದು ತೂಗಿಗೆ ಎರಡು ಸಲ ಕೂತೆದ್ದ ಹಾಗೆ. ಬೆಳಕನ್ನು ಅಳೆಯುವ ಫೋಟೊಡಯೋಡನ್ನು, ಏರಿಳಿತ ಯಾವ ಆವರ್ತನದಲ್ಲಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ಗೆ ಜೋಡಿಸಿದೆ. ಸರಿಯಾಗಿ ಅಲ್ಲೇ ಒಂದು ಶಿಖರ! ಬೆಳಕಿನ ತೀವ್ರತೆಯನ್ನು ಶಬ್ದತರಂಗದಿಂದ ನಿಯಂತ್ರಿಸುವ ಅಕೌಸ್ಟೊ-ಆಪ್ಟಿಕ್ ಮಾಡ್ಯುಲೇಟರ್‌ನ ಡ್ರೈವರ್‌ಗೆ ಕರೆಂಟು ಕೊಡುತ್ತಿದ್ದ ಸ್ವಿಚಿಂಗ್ ಸಪ್ಲೈಯಿಂದ (ವೇಗವಾಗಿ ಆನ್-ಆಫ್ ಆಗುತ್ತಾ ವಿದ್ಯುತ್ ಕೊಡುವ ಸಾಧನ) ಅದು ಬರುತ್ತಿತ್ತು.

ಹಾಗೆ ಆನ್-ಆಫ್ ಆಗದ ಲೀನಿಯರ್ ಸಪ್ಲೈ ಹಾಕಿ, ತೀವ್ರತೆಯನ್ನು ಫೋಟೊಡಯೋಡಿನಿಂದ ಅಳೆದು ಹಿಡಿದಿಡಲು ಮಾಡ್ಯುಲೇಟರ್‌ಗೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಬಿಸಿ ಸ್ಪಷ್ಟವಾಗಿ ಇಳಿಯಿತು. ನೀವೂ ಇದನ್ನು ಮಾಡುವುದಾದರೆ, ಫೀಡ್‌ಬ್ಯಾಕ್‌ಗೆ ಬಳಸುವ ಫೋಟೊಡಯೋಡನ್ನೇ ನಂಬಬೇಡಿ. ಬೇರೊಂದನ್ನು ಇಟ್ಟು ಅಳೆಯಿರಿ. ಮೊದಲನೆಯದು ತನ್ನದೇ ಗದ್ದಲವನ್ನು (ನಾಯ್ಸ್, ಅಂದರೆ ಬೇಡದ ಏರಿಳಿತ) ಬೆಳಕಿಗೆ ಬರೆದು, ಎಲ್ಲ ಶಾಂತವೆಂದೇ ತೋರಿಸುತ್ತದೆ.