ತಂತಿ ಕತ್ತರಿಸೋ ಮುಂಚೆ: ಮೆಗಾಹರ್ಟ್ಸ್‌ನಿಂದ ಮೀಟರ್‌ಗೆ, ನನ್ನ ಅನುಭವ

ನಮ್ಮನೇಲಿ ರೇಡಿಯೋ ಅಂದ್ರೆ ಭದ್ರಾವತಿ, 675 ಕಿಲೋಹರ್ಟ್ಸ್. ಅಡಿಕೆ ಸುಲಿಯೋ ದಿನಗಳಲ್ಲಿ ಅಂಗಳದ ತುದೀಲಿ ಅಜ್ಜನ ಹಳೇ ವಾಲ್ವ್ ರೇಡಿಯೋ ಕೂತಿರೋದು, ಅದರ ಗಾಜಿನ ಡಯಲ್ ಮೇಲೆ ಎರಡು ಸಾಲು ಅಂಕಿ, ಒಂದು ಸಾಲು ಮೀಟರ್, ಇನ್ನೊಂದು ಕಿಲೋಸೈಕಲ್ (ಕಿಲೋಹರ್ಟ್ಸ್‌ನ ಹಳೇ ಹೆಸರು), ಮುಳ್ಳು ಮಾತ್ರ ಒಂದೇ. ಒಂದು ಸಾಲಿನ ಅಂಕಿ ಎಡದಿಂದ ಬಲಕ್ಕೆ ಏರ್ತಾ ಹೋದ್ರೆ ಇನ್ನೊಂದು ಸಾಲಿಂದು ಇಳೀತಾ ಹೋಗೋದು. ಯಾಕೆ ಅಂತ ಆಗ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಹ್ಯಾಮ್ ರೇಡಿಯೋ, ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋದು, ಅದರ ಲೈಸೆನ್ಸ್ ತಗೊಂಡು ಮೊದಲನೇ ಆಂಟೆನಾ ಕಟ್ಟೋಕೆ ತೋಟಕ್ಕೆ ಇಳಿದಾಗ ಆ ಡಯಲ್ಲೇ ನೆನಪಾಯ್ತು, ಯಾಕಂದ್ರೆ ರಿಗ್ (ಹ್ಯಾಮ್‌ಗಳ ರೇಡಿಯೋ ಸೆಟ್ಟು) ಮೇಲೆ ಕಾಣೋದು ಮೆಗಾಹರ್ಟ್ಸ್, ಕೈಯಲ್ಲಿ ಇರೋದು ಅಳತೆ ಟೇಪು, ಇವೆರಡರ ಮಧ್ಯೆ ಲೆಕ್ಕ ಗೊತ್ತಿಲ್ದಿದ್ರೆ ತಂತಿ ಎಲ್ಲಿ ಕತ್ತರಿಸೋದು?

ಲೆಕ್ಕ ಅಂತೂ ಸುಲಭ. ರೇಡಿಯೋ ಅಲೆ ಬೆಳಕಿನ ವೇಗದಲ್ಲೇ ಹೋಗುತ್ತೆ, ಸೆಕೆಂಡಿಗೆ 299792458 ಮೀಟರ್. ಒಂದು ಸೆಕೆಂಡಲ್ಲಿ ಎಷ್ಟು ಅಲೆ ಹುಟ್ಟುತ್ತೋ ಅದು ಫ್ರೀಕ್ವೆನ್ಸಿ, ಆ ಅಷ್ಟೂ ಅಲೆಗಳು ಆ ದೂರವನ್ನ ಹಂಚ್ಕೋಬೇಕು, ಒಂದೊಂದರ ಪಾಲಿಗೆ ಬರೋ ಉದ್ದವೇ ತರಂಗಾಂತರ. ಅಲೆ ಜಾಸ್ತಿ ಆದ್ರೆ ಪಾಲು ಕಮ್ಮಿ, ಡಯಲ್ ಮೇಲೆ ಒಂದು ಸಾಲು ಏರಿದ್ರೆ ಇನ್ನೊಂದು ಇಳಿಯೋದು ಅದಕ್ಕೇ. ದೊಡ್ಡ ಅಂಕಿ ಬರೆಯೋ ಕಷ್ಟ ಬೇಡ, 300ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರ್ ಬರುತ್ತೆ. ಉಲ್ಟಾನೂ ಅದೇ, 300ನ್ನ ಮೀಟರ್‌ನಿಂದ ಭಾಗಿಸಿದ್ರೆ ಮೆಗಾಹರ್ಟ್ಸ್. ಕಿಲೋಹರ್ಟ್ಸ್‌ನಲ್ಲಿದ್ರೆ 300ರ ಬದಲು 300000. ಗಿಗಾಹರ್ಟ್ಸ್ ಇದ್ರೆ 30ನ್ನ ಭಾಗಿಸಿ, ಆದ್ರೆ ಆಗ ಬರೋದು ಸೆಂಟಿಮೀಟರ್. 299.79 ಬದಲು 300 ಹಾಕೋದ್ರಿಂದ ಆಗೋ ವ್ಯತ್ಯಾಸ 7 ಮೆಗಾಹರ್ಟ್ಸ್ ಹತ್ರ 42 ಮೀಟರ್‌ಗೆ 3 ಸೆಂಟಿಮೀಟರ್, ಗಂಟು ಹಾಕೋವಾಗ್ಲೇ ಅಷ್ಟು ತಂತಿ ಹೋಗಿರುತ್ತೆ, ತಲೆ ಕೆಡಿಸ್ಕೋಬೇಡಿ.

ನಮ್ಮ ಭದ್ರಾವತಿಗೇ ಹಾಕಿ ನೋಡಿ, 300000 ಭಾಗಿಸು 675, ಬರೋದು 444.4 ಮೀಟರ್. ಎಷ್ಟು ಚಂದದ ಅಂಕಿ! ಬೆಂಗಳೂರಿನ 612ಕ್ಕೆ 490.2, ಧಾರವಾಡದ 765ಕ್ಕೆ 392.2. ಇನ್ನೊಂದು ವಿಷ್ಯ ಗಮನಿಸಿ, 612, 675, 765, ಮಂಗಳೂರಿನ 1089, ಕಲಬುರಗಿಯ 1107, ಇವು ಎಲ್ಲವೂ 9ರಿಂದ ಭಾಗ ಆಗ್ತವೆ. ನಮ್ಮ ಕಡೆ ಮೀಡಿಯಂ ವೇವ್ ಸ್ಟೇಷನ್‌ಗಳನ್ನ 9 ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಿರೋದ್ರಿಂದ ಹಾಗೆ. ಈಗ ಆ 9 ಕಿಲೋಹರ್ಟ್ಸನ್ನ ಮೀಟರಿಗೆ ಬದಲಾಯಿಸಿ ಅಂದ್ರೆ ಏನ್ ಮಾಡ್ತೀರಿ? ಇಲ್ಲಿ ತುಂಬಾ ಜನ ತಪ್ಪೋದು, 300000ನ್ನ 9ರಿಂದ ಭಾಗಿಸಿಬಿಡ್ತಾರೆ. ಅದು ಒಂದು ಸ್ಟೇಷನ್‌ನ ಫ್ರೀಕ್ವೆನ್ಸಿ ಅಲ್ಲ, ಎರಡು ಸ್ಟೇಷನ್ ಮಧ್ಯದ ಅಂತರ, ಹಾಗಾಗಿ ಎರಡೂ ತುದೀನ ಬೇರೆ ಬೇರೆ ಬದಲಾಯಿಸಿ ಆಮೇಲೆ ಕಳೀಬೇಕು. 531 ಅಂದ್ರೆ 565 ಮೀಟರ್, 540 ಅಂದ್ರೆ 555.6, ಅಂತರ ಹತ್ತಿರ ಹತ್ತಿರ ಒಂಬತ್ತೂವರೆ ಮೀಟರ್. ಬ್ಯಾಂಡಿನ ಆ ಕಡೆ ತುದೀಲಿ 1593ಕ್ಕೆ 188.3, 1602ಕ್ಕೆ 187.3, ಅಂತರ ಬರೀ ಒಂದು ಮೀಟರ್! ಒಂದೇ 9 ಕಿಲೋಹರ್ಟ್ಸು, ಒಂದು ಕಡೆ ಒಂಬತ್ತೂವರೆ ಮೀಟರ್ ಇನ್ನೊಂದು ಕಡೆ ಒಂದು ಮೀಟರ್. ಸ್ಟೇಷನ್‌ಗಳಿಗೆ ಜಾಗ ಹಂಚೋ ಕೆಲಸಕ್ಕೆ ಕಿಲೋಹರ್ಟ್ಸೇ ಸರಿ ಅಂತ ನನಗೆ ಅರ್ಥ ಆಗಿದ್ದು ಈ ಲೆಕ್ಕ ಮಾಡಿದ ಮೇಲೆ.

ಇನ್ನು ಬ್ಯಾಂಡ್ ಹೆಸರುಗಳು, ಅಂದ್ರೆ ಹ್ಯಾಮ್‌ಗಳಿಗೆ ಅಂತ ಬಿಟ್ಟಿರೋ ಫ್ರೀಕ್ವೆನ್ಸಿ ಪಟ್ಟಿಗಳ ಹೆಸರು. 40 ಮೀಟರ್ ಬ್ಯಾಂಡ್ ಅಂತೀವಿ, ಹೊಸಬರು 300ನ್ನ 40ರಿಂದ ಭಾಗಿಸಿ 7.5 ಮೆಗಾಹರ್ಟ್ಸ್ ಅಂತ ಆಂಟೆನಾ ಕಟ್ಟೋಕೆ ಹೊರಡ್ತಾರೆ. ನಮಗೆ ಇಲ್ಲಿ ಇರೋದು 7.0ರಿಂದ 7.2, ಅಂದ್ರೆ 42.86 ಮೀಟರಿಂದ 41.67 ಮೀಟರ್, 40 ಅನ್ನೋದು ಅದರೊಳಗೇ ಇಲ್ಲ. 2 ಮೀಟರ್ ಬ್ಯಾಂಡೂ ಹಂಗೇ, 144ರಿಂದ 146, ಲೆಕ್ಕಕ್ಕೆ 2 ಮೀಟರ್ ಅಂದ್ರೆ 150 ಆಗ್ಬೇಕಿತ್ತು. ಬ್ಯಾಂಡ್ ಹೆಸರು ಕರೆಯೋಕೆ ಇಟ್ಟ ಹೆಸರು ಅಷ್ಟೇ, ಲೆಕ್ಕ ಯಾವಾಗ್ಲೂ ಮೆಗಾಹರ್ಟ್ಸ್‌ನಿಂದ ಶುರು ಮಾಡಿ.

ಈಗ ತೋಟದ ವಿಷ್ಯಕ್ಕೆ ಬರ್ತೀನಿ. ನಾನು ಆರಿಸ್ಕೊಂಡಿದ್ದು 7.1 ಮೆಗಾಹರ್ಟ್ಸ್, ಅರ್ಧ ಅಲೆಯ ಡೈಪೋಲ್, ಅಂದ್ರೆ ಅರ್ಧ ಅಲೆಯಷ್ಟು ಉದ್ದದ ತಂತೀನ ಮಧ್ಯಕ್ಕೆ ಎರಡು ಮಾಡಿದ ಆಂಟೆನಾ. 300 ಭಾಗಿಸು 7.1, 42.25. ಅದರ ಅರ್ಧ 21.12. ಮಧ್ಯಕ್ಕೆ ಫೀಡ್ ಪಾಯಿಂಟ್ (ರಿಗ್‌ನಿಂದ ಬರೋ ಕೇಬಲ್ ಸೇರೋ ಜಾಗ), ಎರಡು ಕಡೆಗೂ 10.56 ಮೀಟರ್. ಮನೆ ವೈರಿಂಗ್ ಮಾಡಿಸಿದಾಗ ಉಳಿದಿದ್ದ ಪ್ಲಾಸ್ಟಿಕ್ ಕೋಟಿಂಗ್ ಇರೋ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು, ಜಗುಲಿ ಮೇಲೆ ಉದ್ದಕ್ಕೆ ಹಾಸಿ ಅಳೆದು ಕತ್ತರಿಸ್ದೆ. ಎರಡು ತೆಂಗಿನ ಮರದ ಮಧ್ಯೆ ಹಗ್ಗ ಹಾಕಿ ಎಳೆದು ಕಟ್ಟೋಕೇ ಅರ್ಧ ದಿನ ಹೋಯ್ತು, ತುದೀಗೆ ಇನ್ಸುಲೇಟರ್ ಅಂತ ಪಿವಿಸಿ ಪೈಪಿನ ತುಂಡು. ಎಲ್ಲಾ ಆದಮೇಲೆ ನ್ಯಾನೋವಿಎನ್‌ಎ ಅನ್ನೋ ಆಂಟೆನಾ ಅಳೆಯೋ ಸಣ್ಣ ಉಪಕರಣ ಹಾಕಿ ನೋಡ್ತೀನಿ, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಸಿಗ್ನಲ್ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ) ಗೆರೆ ತೀರಾ ಕೆಳಗಿಳಿದು ಗುಂಡಿ ಬಿದ್ದಿರೋದು 7.1ರಲ್ಲಿ ಅಲ್ಲ, 6.65ರಲ್ಲಿ. ನಮ್ಮ ಬ್ಯಾಂಡಿಗೆ ಸೇರಿದ ಜಾಗವೇ ಅಲ್ಲ ಅದು.

ನಮ್ಮ ಕಡೆ ರೇಡಿಯೋದಲ್ಲಿ ನನಗೆ ಕೈ ಹಿಡಿದು ಕಲಿಸಿದ ಹಿರಿಯರೊಬ್ಬರಿದ್ದಾರೆ, ಅವರಿಗೆ ಫೋನ್ ಮಾಡ್ದೆ. "ಎಷ್ಟು ಉದ್ದ ಇಟ್ಟೆ ಮಾರಾಯ?" ಅಂದ್ರು. ಹೇಳ್ದೆ. "ಅಲೆಯ ಲೆಕ್ಕ ಸರಿ ಇದೆ, ತಂತಿಯ ಲೆಕ್ಕ ಮಾಡಿಲ್ಲ ನೀನು. ಕತ್ತರಿ ಕೆಳಗಿಡು, ಮಡಚು" ಅಂದ್ರು.

ಆ ಮಾತು ಬಿಡಿಸಿ ಹೇಳ್ತೀನಿ. ಅರ್ಧ ಅಲೆಗೆ ಪುಸ್ತಕದ ಲೆಕ್ಕ 150ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸೋದು, ಅದು ಖಾಲಿ ಜಾಗದಲ್ಲಿ ಹೋಗೋ ಅಲೆಗೆ. ನಿಜವಾದ ತಂತಿಗೆ ದಪ್ಪ ಇದೆ, ತುದಿ ಇದೆ, ಆ ತುದೀಲಿ ತಂತಿ ತಾನಿರೋದಕ್ಕಿಂತ ಸ್ವಲ್ಪ ಉದ್ದ ಇರೋ ಹಾಗೆ ವರ್ತಿಸುತ್ತೆ, ಅದಕ್ಕೆ ಬರೀ ತಾಮ್ರದ ತಂತಿ ಆದ್ರೆ ಸುಮಾರು 5 ಪರ್ಸೆಂಟ್ ಕಮ್ಮಿ ಇಡ್ತಾರೆ, 150 ಬದಲು 143. ಉದ್ದ ಅಡೀಲಿ ಬೇಕಾದಾಗ ಹಳಬರು ಮೆಗಾಹರ್ಟ್ಸ್‌ನಿಂದ ಭಾಗಿಸೋ 468 ಇದೇ. ನನ್ನ ವೈರಿಗೆ ಮೇಲೆ ಪ್ಲಾಸ್ಟಿಕ್ ಬೇರೆ ಇತ್ತು, ಅದು ಅಲೇನ ಇನ್ನೂ ಸ್ವಲ್ಪ ನಿಧಾನ ಮಾಡುತ್ತೆ. ನೆಲದಿಂದ ಎಷ್ಟು ಎತ್ತರ, ಹತ್ರ ಏನಿದೆ, ಇವೂ ಸೇರ್ಕೋತವೆ. ಎಲ್ಲಾ ಸೇರಿ ನನ್ನ 21.12 ಮೀಟರ್ ತಂತಿ 6.65ಕ್ಕೆ ಹೋಗಿ ಕೂತಿತ್ತು.

ಸರಿ ಮಾಡೋ ಲೆಕ್ಕ ನಂಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಅದಕ್ಕೆ ಪುಸ್ತಕವೇ ಬೇಡ. ಈಗಿರೋ ಉದ್ದವನ್ನ ಈಗ ಗುಂಡಿ ಬಿದ್ದಿರೋ ಫ್ರೀಕ್ವೆನ್ಸಿಯಿಂದ ಗುಣಿಸಿ, 21.12 ಗುಣಿಸು 6.65, 140.4. ಇದು ನನ್ನ ವೈರು, ನನ್ನ ಮರ, ನನ್ನ ಎತ್ತರದ ಅಂಕಿ. ಇನ್ಮೇಲೆ ನಂಗೆ 150ನೂ ಬೇಡ 143ನೂ ಬೇಡ. 140.4ನ್ನ 7.1ರಿಂದ ಭಾಗಿಸಿದ್ರೆ 19.78, ಒಂದೊಂದು ಕಡೆ 9.89, ಅಂದ್ರೆ ಎರಡೂ ಕಡೆ 67 ಸೆಂಟಿಮೀಟರ್ ಕಮ್ಮಿ ಆಗ್ಬೇಕು. ಅವರು ಹೇಳಿದ ಹಾಗೆ ಕತ್ತರಿಸ್ಲಿಲ್ಲ, ಎರಡೂ ತುದೀಲಿ 60 ಸೆಂಟಿಮೀಟರ್ ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿದೆ, ಮತ್ತೆ ಮೇಲೆ ಎಳೆದು ನೋಡಿದ್ರೆ 7.05. ಇನ್ನೊಂದು 7 ಸೆಂಟಿಮೀಟರ್ ಮಡಚಿದ ಮೇಲೆ ಗುಂಡಿ 7.1ರ ಮೇಲೇ ಬಂತು. ಆ ಸಂಜೆ ಹಗ್ಗ ಎಳೆದೂ ಎಳೆದೂ ಅಂಗೈ ಕೆಂಪಾಗಿತ್ತು, ಸ್ಕ್ರೀನ್ ಮೇಲಿನ ಗೆರೆ ಸರಿಯಾದ ಜಾಗದಲ್ಲಿ ಇಳಿದಿದ್ದು ನೋಡಿ ಆದ ಖುಷಿ ಮಾತ್ರ ಬೇರೆ.

ಇಷ್ಟು ಕಲಿತ ಮೇಲೂ ಇನ್ನೊಂದು ಸಲ ಅದೇ ತಪ್ಪು ಬೇರೆ ರೂಪದಲ್ಲಿ ಮಾಡ್ದೆ. ಅಂತರಿಕ್ಷ ನಿಲ್ದಾಣದಿಂದ 145.8 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳಿಗೆ ಅಂತ ಸಿಗ್ನಲ್ ಬರುತ್ತಲ್ಲ, ಅದನ್ನ ಕೇಳೋಕೆ ಸಣ್ಣ ಯಾಗಿ ಆಂಟೆನಾ (ಸಾಲಾಗಿ ಕಡ್ಡಿ ಇರೋ, ಒಂದು ದಿಕ್ಕಿಗೆ ಹಿಡಿಯೋ ಆಂಟೆನಾ) ಮಾಡಿದ್ದೆ, ಅದಕ್ಕೆ ಕೋಯಾಕ್ಸ್ ಕೇಬಲ್ಲಿನ (ನಡುವೆ ಒಂದು ತಂತಿ, ಸುತ್ತ ಜಾಲರಿ ಇರೋ ಕೇಬಲ್ಲು) ತುಂಡನ್ನ ಯು ಆಕಾರಕ್ಕೆ ಬಗ್ಗಿಸಿ ಬಾಲನ್, ಅಂದ್ರೆ ಕೇಬಲ್ಲನ್ನ ಆಂಟೆನಾಗೆ ಹೊಂದಿಸೋ ಜೋಡಣೆ, ಹಾಕ್ಬೇಕು. ಆ ತುಂಡು ಸರಿಯಾಗಿ ಅರ್ಧ ಅಲೆ ಉದ್ದ ಇರ್ಬೇಕು, ಈ ಕಡೆಯಿಂದ ಹೋದ ಸಿಗ್ನಲ್ ಆ ಕಡೆ ತಲುಪೋ ಹೊತ್ತಿಗೆ ಪೂರ್ತಿ ಉಲ್ಟಾ ಆಗಿರ್ಬೇಕು, ಅದೇ ಅದರ ಕೆಲಸ. 300 ಭಾಗಿಸು 145.8, 2.058. ಅರ್ಧ 1.03 ಮೀಟರ್. ಕತ್ತರಿಸಿ ಬೆಸುಗೆ ಹಾಕ್ದೆ. ಆಂಟೆನಾ ಕೆಟ್ಟದಾಗಿ ಬಂತು.

ಮತ್ತೆ ಫೋನು. "ಕೋಯಾಕ್ಸ್ ಒಳಗೂ ಗಾಳಿ ಲೆಕ್ಕವೇ ಹಾಕಿದ್ಯಾ?" ಅಂದ್ರು. ಅಷ್ಟೇ ಸಾಕಾಯ್ತು. ನಂದು ಆರ್‌ಜಿ-58, ಒಳಗೆ ಗಟ್ಟಿ ಪಾಲಿಥೀನ್ ತುಂಬಿರೋ ಕೇಬಲ್ಲು, ಅದರಲ್ಲಿ ಅಲೆ ಬೆಳಕಿನ ವೇಗದ 66 ಪರ್ಸೆಂಟ್‌ನಲ್ಲಿ ಮಾತ್ರ ಹೋಗುತ್ತೆ, ವೆಲಾಸಿಟಿ ಫ್ಯಾಕ್ಟರ್ 0.66 ಅಂತಾರೆ. ಇಲ್ಲಿ ಒಂದು ಮಾತು ಮನಸಲ್ಲಿ ಗಟ್ಟಿ ಮಾಡ್ಕೊಳಿ, ಕೇಬಲ್ ಒಳಗೆ ಹೋದ ತಕ್ಷಣ ಫ್ರೀಕ್ವೆನ್ಸಿ ಬದಲಾಗಲ್ಲ, ಸೆಕೆಂಡಿಗೆ ಬರೋ ಅಲೆ ಅಷ್ಟೇ, ವೇಗ ಕಮ್ಮಿ ಆಗಿ ಒಂದೊಂದು ಅಲೆಯ ಉದ್ದ ಕುಗ್ಗುತ್ತೆ. 2.058 ಮೀಟರ್ ಅಲೆ ಈ ಕೇಬಲ್ಲಲ್ಲಿ 1.36 ಮೀಟರ್. ನಾನಿಟ್ಟ 1.03 ಮೀಟರ್ ಅರ್ಧ ಅಲೆ ಅಲ್ವೇ ಅಲ್ಲ, ಮುಕ್ಕಾಲು ಅಲೆ! ಉಲ್ಟಾ ಆಗೋ ಜಾಗ ದಾಟಿ ಮುಂದೆ ಹೋಗಿತ್ತು. ಬೇಕಾಗಿದ್ದಿದ್ದು 68 ಸೆಂಟಿಮೀಟರ್. ಡಿಶ್ ಟಿವಿಗೆ ಹಾಕೋ ಫೋಮ್ ಕೇಬಲ್ ಆದ್ರೆ ಫ್ಯಾಕ್ಟರ್ 0.8ರ ಮೇಲೆ ಇರುತ್ತೆ, ಉದ್ದವೂ ಬೇರೆ. ಹಾಗಾಗಿ ಫ್ರೀಕ್ವೆನ್ಸಿ ಕೊಟ್ಟು ಉದ್ದ ಕೇಳಿದ್ರೆ ನಾನೀಗ ಮೊದಲು ತಿರುಗಿಸಿ ಕೇಳೋದು ಎಲ್ಲಿ ಹೋಗೋ ಅಲೆ, ಗಾಳೀಲೋ ತಂತೀಲೋ ಕೇಬಲ್ಲಲ್ಲೋ ಅಂತ. ಯಾವ ಆನ್‌ಲೈನ್ ಕ್ಯಾಲ್ಕುಲೇಟರ್ ಬಳಸಿದ್ರೂ ಆ ಖಾನೆ ಇದ್ಯಾ ಅಂತ ಮೊದಲು ಹುಡುಕಿ.

ನನ್ನ ಅಕ್ಕನ ಮಗ ಬೇಸಿಗೆ ರಜಕ್ಕೆ ಬಂದಿದ್ದ, ಒಂಬತ್ತನೇ ಕ್ಲಾಸು. "ಮಾವ, ಈ ಅಲೆ ಕಣ್ಣಿಗೆ ಕಾಣಲ್ಲ, ಅದಕ್ಕೆ ಉದ್ದ ಇದೆ ಅಂತ ಹೆಂಗೆ ನಂಬೋದು?" ಅಂದ. ಒಳ್ಳೇ ಪ್ರಶ್ನೆ. ಮೈಕ್ರೋವೇವ್ ಓವನ್ ಒಳಗೆ ತಿರುಗೋ ಗಾಜಿನ ತಟ್ಟೇನೂ ಅದರ ಕೆಳಗಿನ ಚಕ್ರಾನೂ ತೆಗೆದಿಟ್ಟು, ಒಂದು ಅಗಲವಾದ ಪಿಂಗಾಣಿ ತಟ್ಟೆ ತುಂಬಾ ನೀರು ಸವರಿದ ಉದ್ದಿನ ಹಪ್ಪಳ ಹರಡಿ ಒಳಗಿಟ್ವಿ. ತಟ್ಟೆ ತಿರುಗದೇ ಇದ್ರೆ ಒಳಗಿನ ಅಲೆ ಒಂದೇ ಕಡೆ ನಿಂತ್ಕೊಳುತ್ತೆ, ಎಲ್ಲಿ ಜೋರಿದೆಯೋ ಅಲ್ಲಿ ಹಪ್ಪಳ ಮೊದಲು ಉಬ್ಬುತ್ತೆ. ಅರ್ಧ ನಿಮಿಷದೊಳಗೆ ಬೆಳ್ಳಗೆ ಗುಳ್ಳೆ ಎದ್ದ ಜಾಗಗಳು ಕಾಣಿಸಿದ್ವು, ಪಕ್ಕದಲ್ಲಿ ಹಪ್ಪಳ ಹಸೀನೇ ಇತ್ತು. ತಕ್ಷಣ ಆಫ್ ಮಾಡಿ ಸ್ಕೇಲ್ ಇಟ್ಟು ಅಳೆದ್ವಿ, ಒಂದು ಗುಳ್ಳೆ ನಡುವಿಂದ ಪಕ್ಕದ್ದರ ನಡುವಿಗೆ ಹತ್ತಿರ ಹತ್ತಿರ 6 ಸೆಂಟಿಮೀಟರ್. ನಿಂತ ಅಲೆಯಲ್ಲಿ ಎರಡು ಜೋರು ಜಾಗಗಳ ಮಧ್ಯೆ ಅರ್ಧ ಅಲೆ, ಪೂರ್ತಿ ಅಲೆ 12. ಓವನ್ ಹಿಂದಿನ ಸ್ಟಿಕ್ಕರ್ ಮೇಲೆ 2450 ಮೆಗಾಹರ್ಟ್ಸ್, ಅಂದ್ರೆ 2.45 ಗಿಗಾಹರ್ಟ್ಸ್, 30 ಭಾಗಿಸು 2.45, 12.2 ಸೆಂಟಿಮೀಟರ್. ಹುಡುಗ ಸ್ಕೇಲೂ ಸ್ಟಿಕ್ಕರೂ ಎರಡನ್ನೂ ಮೂರು ಸಲ ನೋಡ್ದ. ಎಲ್ಲಾ ಗುಳ್ಳೆಗಳೂ ಹೀಗೆ ಸಾಲಾಗಿ ಸಿಗಲ್ಲ, ಓವನ್ ಡಬ್ಬಿ ಒಳಗೆ ಅಲೆ ಮೂರೂ ದಿಕ್ಕಿಗೆ ಬಡೀತಿರುತ್ತೆ, ನಾಲ್ಕೈದು ಜೋಡಿ ಅಳೆದು ಸರಾಸರಿ ತಗೊಳ್ಳಿ. ಜಾಸ್ತಿ ಹೊತ್ತು ಮಾತ್ರ ಓಡಿಸ್ಬೇಡಿ.

ಅವನಿಗೆ ಗೌರಿಬಿದನೂರಿನ ಕಥೇನೂ ಹೇಳ್ದೆ, ಅಲ್ಲಿನ ಬಯಲಲ್ಲಿ ಆಕಾಶದ ರೇಡಿಯೋ ಅಲೆ ಕೇಳೋಕೆ ಅಂತ ಇಂಗ್ಲಿಷಿನ ಟಿ ಅಕ್ಷರದ ಹಾಗೆ 1000 ಡೈಪೋಲ್ ನಿಲ್ಲಿಸಿದ ಟೆಲಿಸ್ಕೋಪ್, 34.5 ಮೆಗಾಹರ್ಟ್ಸ್‌ದು. "8.7 ಮೀಟರ್" ಅಂದ ಅವನು, ಪೇಪರ್ ಇಲ್ದೆ. ಇವನು 300ನ್ನ ಬಾಯಲ್ಲೇ ಭಾಗಿಸೋಕೆ ಕಲಿತಿದ್ದ.

ಈಗ ಅವನೇ ಕೇಳ್ತಿದ್ದಾನೆ, 20 ಮೀಟರ್ ಬ್ಯಾಂಡಿಗೂ ಒಂದು ತಂತಿ ಕಟ್ಟೋಣ ಅಂತ. 14.2 ಮೆಗಾಹರ್ಟ್ಸ್. ಅದೇ ವೈರು, ಅದೇ ಮರ, ಹಾಗಾಗಿ 140.4 ಭಾಗಿಸು 14.2, ಒಟ್ಟು 9.89, ಒಂದೊಂದು ಕಡೆ 4.95 ಮೀಟರ್. ಜಗುಲಿ ಮೇಲೆ ವೈರ್ ಹಾಸಿದ್ದೀವಿ, 5.30ಕ್ಕೆ ಸೀಮೆಸುಣ್ಣದ ಗುರುತು ಹಾಕಿದ್ದಾನೆ, ಮಡಚೋಕೆ 35 ಸೆಂಟಿಮೀಟರ್ ಇರ್ಲಿ ಅಂತ.