ಟಿಷಿಯನ್‌ನ ‘ಬ್ಯಾಕಸ್ ಮತ್ತು ಅರಿಯಾಡ್ನೆ’ ಚಿತ್ರವನ್ನು ನೋಡುವ ಬಗೆ

ವೆನಿಸ್ಸಿನ ಚಿತ್ರಕಾರ ಟಿಷಿಯನ್ ಬರೆದ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರದ ಮುಂದೆ ನಿಲ್ಲುವ ಮೊದಲು ಅದರ ಹಿಂದಿನ ಗ್ರೀಕ್ ಪುರಾಣದ ಕಥೆಯನ್ನು ತಿಳಿದಿರಬೇಕು. ಕ್ರೀಟ್ ದ್ವೀಪದ ರಾಜಕುಮಾರಿ ಅರಿಯಾಡ್ನೆಯ ನೆರವಿನಿಂದ ಜೀವ ಉಳಿಸಿಕೊಂಡ ವೀರ ಥೀಸಿಯಸ್, ಆಕೆ ನಿದ್ರಿಸುತ್ತಿರುವಾಗಲೇ ನಾಕ್ಸೋಸ್ ದ್ವೀಪದಲ್ಲಿ ಬಿಟ್ಟು ಹೊರಟುಹೋದನು. ಅಲ್ಲಿಗೆ ಬಂದ ಮದ್ಯದ ದೇವತೆ ಬ್ಯಾಕಸ್ ಆಕೆಯನ್ನು ವರಿಸಿದನು.

ನೋಟವನ್ನು ಎಡಗಡೆಯಿಂದ ಆರಂಭಿಸಿ. ದೂರದ ಸಮುದ್ರದಲ್ಲಿ ಥೀಸಿಯಸನ ಹಡಗು ಪುಟ್ಟದಾಗಿ ಕಾಣುತ್ತದೆ. ಅರಿಯಾಡ್ನೆಯ ಕೈ ಇನ್ನೂ ಅತ್ತಲೇ ಚಾಚಿದೆ, ಮುಖ ಮಾತ್ರ ಬ್ಯಾಕಸನ ಕಡೆಗೆ ತಿರುಗಿದೆ. ಒಂದೇ ದೇಹದಲ್ಲಿ ಕಳೆದುಹೋದ ಪ್ರೀತಿಯನ್ನೂ ಎದುರಾದ ಪ್ರೀತಿಯನ್ನೂ ಹಿಡಿದಿಟ್ಟಿರುವ ಈ ತಿರುವೇ ಚಿತ್ರದ ಜೀವಾಳವೆಂದು ನಾನು ನಂಬಿದ್ದೇನೆ. ಆದ್ದರಿಂದ ಇಲ್ಲಿ ಅವಸರ ಮಾಡಬಾರದು. ಅನಂತರ ಆಕೆಯ ದೃಷ್ಟಿಯನ್ನು ಹಿಂಬಾಲಿಸಿದರೆ, ಎರಡು ಸಿವಂಗಿಗಳು, ಅಂದರೆ ಚೀತಾಗಳು, ಎಳೆದು ತಂದ ರಥದಿಂದ ಧುಮುಕುತ್ತಿರುವ ಬ್ಯಾಕಸ್ ಸಿಗುತ್ತಾನೆ. ಅವನ ಕಾಲು ಇನ್ನೂ ನೆಲ ಮುಟ್ಟಿಲ್ಲ.

ಈಗ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಿರಿ. ಸುಮಾರು 176 ಸೆಂ.ಮೀ. ಎತ್ತರ, 191 ಸೆಂ.ಮೀ. ಅಗಲದ ಕ್ಯಾನ್ವಾಸು ಮೂಲೆಯಿಂದ ಮೂಲೆಗೆ ಎರಡಾಗಿ ಸೀಳಿದಂತೆ ತೋರುತ್ತದೆ: ಮೇಲೆ ಎಡಕ್ಕೆ ನೀಲಿಯ ಹರವು, ಕೆಳಗೆ ಬಲಕ್ಕೆ ಕಂದು ಹಸಿರಿನಲ್ಲಿ ಕುಣಿಯುವ ಬ್ಯಾಕಸನ ಹಿಂಬಾಲಕರ ಗುಂಪು. ಆ ನೀಲಿ ಅಫ್ಘಾನಿಸ್ತಾನದ ಗಣಿಗಳಿಂದ ವೆನಿಸ್ಸಿಗೆ ಬರುತ್ತಿದ್ದ ಲಾಜವರ್ದ ಕಲ್ಲನ್ನು ಅರೆದು ತೆಗೆದ ದುಬಾರಿ ವರ್ಣ. ಇಟಲಿಯ ಫೆರಾರ ನಗರದ ಡ್ಯೂಕ್ ಮೊದಲನೆಯ ಅಲ್ಫಾನ್ಸೊ ತನ್ನ ಅರಮನೆಯ ಖಾಸಗಿ ಕೋಣೆಗೆಂದು ಬರೆಯಿಸಿದ ಚಿತ್ರವಾದ್ದರಿಂದ, 1520ರಿಂದ 1523ರ ನಡುವೆ ಇದನ್ನು ರಚಿಸಿದ ಟಿಷಿಯನ್ ಬಣ್ಣದಲ್ಲಿ ಜಿಪುಣತನ ತೋರಲಿಲ್ಲ.

ಗುಂಪಿನಲ್ಲಿ ಹಾವುಗಳನ್ನು ಮೈಗೆ ಸುತ್ತಿಕೊಂಡವನನ್ನು ಗಮನಿಸಿ. 1506ರಲ್ಲಿ ರೋಮಿನಲ್ಲಿ ನೆಲದಡಿಯಿಂದ ದೊರೆತ, ಹಾವುಗಳ ಹಿಡಿತದಲ್ಲಿ ಒದ್ದಾಡುವ ಲಾವೊಕೂನ್ ಎಂಬ ಪುರೋಹಿತನ ಪ್ರಾಚೀನ ಶಿಲ್ಪವನ್ನು ಅವನು ನೆನಪಿಸುತ್ತಾನೆ. ಅವನ ಬಳಿ ಕರುವಿನ ತಲೆಯನ್ನು ಎಳೆದುಕೊಂಡು ಬರುವ ಆಡಿನ ಕಾಲಿನ ಮಗು ನೇರವಾಗಿ ನಮ್ಮನ್ನೇ ನೋಡುತ್ತದೆ, ನಾಯಿಯೊಂದು ಅದಕ್ಕೆ ಬೊಗಳುತ್ತದೆ.

ಕೊನೆಗೆ ಕಣ್ಣನ್ನು ಎಡಭಾಗದ ಆಕಾಶಕ್ಕೆ ಎತ್ತಿ. ಬ್ಯಾಕಸ್ ಅರಿಯಾಡ್ನೆಯ ಕಿರೀಟವನ್ನು ನಕ್ಷತ್ರಪುಂಜವಾಗಿಸಿದನೆಂಬ ಕಥೆಗೆ ತಕ್ಕಂತೆ, ಎಂಟು ನಕ್ಷತ್ರಗಳು ಹಗಲಿನಲ್ಲೇ ಆಕೆಯ ನೆತ್ತಿಯ ಮೇಲೆ ಹೊಳೆಯುತ್ತಿವೆ. ಆಕೆ ಅವನ್ನು ಇನ್ನೂ ನೋಡಿಲ್ಲ.