ಏರಿಯಲ್ ಬದಲು ಲಿಬರೇಶನ್: ತಂತ್ರಾಂಶದ ಜೊತೆ ಫಾಂಟ್ ಕೊಡುವ ಕ್ರಮ

ಉಡುಪಿ ಸುತ್ತಲಿನ ದೇವಸ್ಥಾನಗಳ ಸೇವಾ ರಸೀದಿ ಮುದ್ರಿಸಲು ನಾವು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಒಂದು ಸಣ್ಣ ತಂತ್ರಾಂಶ ಕೊಡುತ್ತೇವೆ. ಹಳೆಯ ರಸೀದಿ ನಮೂನೆಗಳೆಲ್ಲ ವರ್ಡ್‌ನಲ್ಲಿ ಏರಿಯಲ್ ಅಥವಾ ಕ್ಯಾಲಿಬ್ರಿ ಹಾಕಿ ಮಾಡಿದವು. ಲಿನಕ್ಸ್ ಕಂಪ್ಯೂಟರಿನಲ್ಲಿ ಅವುಗಳ ಜಾಗಕ್ಕೆ ಯಾವುದೋ ಫಾಂಟ್ ಬಂದು ಕೂತರೆ ಮೊತ್ತದ ಅಂಕಿ ಚೌಕದಿಂದ ಹೊರಗೆ ಹೋಗುತ್ತದೆ.

ಹಾಗೆಂದು ವಿಂಡೋಸಿನಿಂದ ಏರಿಯಲ್ ಫೈಲನ್ನು ನಕಲು ಮಾಡಿ ಸೇರಿಸುವಂತಿಲ್ಲ. ಮೈಕ್ರೋಸಾಫ್ಟ್ 1996ರಲ್ಲಿ ವೆಬ್‌ಗೆಂದು ಉಚಿತವಾಗಿ ಬಿಟ್ಟ ಫಾಂಟುಗಳನ್ನು ಕೂಡ ಮೂಲ ಕಂತೆ ಬಿಚ್ಚದೆ, ಇದ್ದ ಹಾಗೇ ಹಂಚಲು ಮಾತ್ರ ಅನುಮತಿ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿ ಆ ಫಾಂಟುಗಳನ್ನು ತಾನು ಕೊಡದೆ, ಅವನ್ನು ಇಳಿಸಿಕೊಳ್ಳುವ ಇನ್‌ಸ್ಟಾಲರ್ ಮಾತ್ರ ಕೊಡುವುದು ಇದೇ ಕಾರಣಕ್ಕೆ.

ನಾವು ಸೇರಿಸಿದ್ದು ಅಳತೆ ಹೊಂದುವ ಫಾಂಟುಗಳನ್ನು. ಏರಿಯಲ್‌ಗೆ ಲಿಬರೇಶನ್ ಸ್ಯಾನ್ಸ್, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್, ಕ್ಯಾಲಿಬ್ರಿಗೆ ಕಾರ್ಲಿಟೊ, ಕೇಂಬ್ರಿಯಾಗೆ ಕ್ಯಾಲಡಿಯಾ. ಅಕ್ಷರದ ರೂಪ ಬೇರೆ, ಅಗಲ ಅದೇ. ಏರಿಯಲ್‌ನಲ್ಲಿ 2048 ಘಟಕಗಳ ಚೌಕಟ್ಟಿನೊಳಗೆ ಪ್ರತಿ ಅಂಕಿಯ ಅಗಲ 1139, ಖಾಲಿ ಜಾಗದ್ದು 569. ಲಿಬರೇಶನ್ ಸ್ಯಾನ್ಸ್‌ನಲ್ಲಿಯೂ ಅಷ್ಟೇ. ಸಾಲು ಮುರಿಯುವ ಜಾಗ ಬದಲಾಗದಿರುವುದು ಇದರಿಂದ. ಫಾಂಟ್ ಬಿಚ್ಚಿ ನೋಡುವ ಸಾಧನ ಫಾಂಟ್‌ಟೂಲ್ಸ್‌ನಲ್ಲಿ ಅಗಲಗಳಿರುವ ಎಚ್‌ಎಮ್‌ಟಿಎಕ್ಸ್ ಕೋಷ್ಟಕ ತೆರೆದರೆ ಈ ಸಂಖ್ಯೆಗಳು ಕಣ್ಣಿಗೇ ಕಾಣುತ್ತವೆ.

ಆದರೆ ಲಿಬರೇಶನ್ ಫೈಲಿನ ಒಳಹೆಸರನ್ನು ‘ಏರಿಯಲ್’ ಎಂದು ತಿದ್ದಿ ಕೆಲಸ ಸಾಗಿಸಬೇಡಿ. ಏರಿಯಲ್ ಟ್ರೇಡ್‌ಮಾರ್ಕ್. ಹೆಸರನ್ನು ಮುಟ್ಟದೆ, ‘ಏರಿಯಲ್ ಕೇಳಿದರೆ ಲಿಬರೇಶನ್ ಸ್ಯಾನ್ಸ್ ಕೊಡು’ ಎಂಬ ಸಾಲನ್ನು ಲಿನಕ್ಸಿನಲ್ಲಿ ಫಾಂಟ್ ಆರಿಸಿಕೊಡುವ ಫಾಂಟ್‌ಕಾನ್ಫಿಗ್‌ಗೆ ಬರೆದರೆ ಸಾಕು. ಲಿಬ್ರೆ ಆಫೀಸಿನಲ್ಲಾದರೆ ಆಯ್ಕೆಗಳೊಳಗೆ ಫಾಂಟ್ ಬದಲಿ ಕೋಷ್ಟಕವೇ ಇದೆ. ಆಮೇಲೆ ಎಫ್‌ಸಿ-ಮ್ಯಾಚ್ ಆದೇಶ ಓಡಿಸಿ ಏರಿಯಲ್ ಕೇಳಿ, ಏನು ಬರುತ್ತದೆ ನೋಡಿ.

ಲೈಸೆನ್ಸಿನ ಮಾತು. ಲಿಬರೇಶನ್‌ನ 1ನೇ ಸರಣಿ ಜಿಪಿಎಲ್ ಜೊತೆಗೆ ಫಾಂಟ್ ವಿನಾಯಿತಿಯದ್ದು, 2.0ರಿಂದ ಈಚೆಗೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1. ಈ ಲೈಸೆನ್ಸ್ ಪ್ರಕಾರ ಫಾಂಟನ್ನು ಯಾವ ತಂತ್ರಾಂಶದ ಜೊತೆಗಾದರೂ ಕೊಡಬಹುದು, ಮಾರುವ ತಂತ್ರಾಂಶವಾದರೂ ಸರಿ. ಫಾಂಟೊಂದನ್ನೇ ಮಾರಬಾರದು. ಪ್ರತಿ ಪ್ರತಿಯಲ್ಲೂ ಕಾಪಿರೈಟ್ ಸಾಲು, ಲೈಸೆನ್ಸ್ ಪಠ್ಯ ಇರಲೇಬೇಕು. ಫಾಂಟ್ ಅದೇ ಲೈಸೆನ್ಸಿನಲ್ಲಿ ಉಳಿಯಬೇಕು. ‘ಇಲ್ಲಿರುವ ಎಲ್ಲವೂ ಜಿಪಿಎಲ್’ ಎಂದು ರೀಡ್‌ಮೀಯಲ್ಲಿ ಬರೆದಿದ್ದರೆ ಅದು ತಪ್ಪು, ‘ಫಾಂಟ್ ಫೋಲ್ಡರ್ ಹೊರತು’ ಎಂದು ಸೇರಿಸಿ.

ಹೆಚ್ಚಿನವರು ಎಡವುವುದು ಕಾಯ್ದಿರಿಸಿದ ಹೆಸರಿನಲ್ಲಿ, ಅಂದರೆ ತಿದ್ದಿದ ಫಾಂಟಿಗೆ ಇಡಬಾರದೆಂದು ಮೂಲದವರು ಹೇಳಿಟ್ಟ ಹೆಸರಿನಲ್ಲಿ. ಲಿಬರೇಶನ್‌ನ ಲೈಸೆನ್ಸ್ ಫೈಲಿನ ಮೊದಲ ಸಾಲುಗಳನ್ನು ಓದಿ: ಗೂಗಲ್ ತನ್ನ ಫಾಂಟುಗಳಾದ ಅರಿಮೊ, ಟಿನೋಸ್, ಕಸಿನ್ ಹೆಸರುಗಳನ್ನೂ, ರೆಡ್ ಹ್ಯಾಟ್ ಲಿಬರೇಶನ್ ಹೆಸರನ್ನೂ ಕಾಯ್ದಿರಿಸಿಕೊಂಡಿವೆ. ಒಂದು ಗ್ಲಿಫ್ (ಅಕ್ಷರದ ಚಿತ್ರ) ತಿದ್ದಿದರೂ, ಗಾತ್ರ ಇಳಿಸಲು ಬೇಡದ ಅಕ್ಷರ ತೆಗೆದರೂ ಅದು ಮಾರ್ಪಾಡು; ಆ ಹೆಸರುಗಳನ್ನು ಮತ್ತೆ ಇಡುವಂತಿಲ್ಲ. ಪಿಡಿಎಫ್ ಒಳಗೆ ಫಾಂಟ್ ಸೇರುವುದಕ್ಕೆ ಈ ಕಟ್ಟುಪಾಡು ಇಲ್ಲ, ಅದು ದಾಖಲೆ. ಕೆಲವು ನೂರು ಕೆಬಿ ಉಳಿಸಲು ಇಷ್ಟು ತಲೆನೋವು ಬೇಡವೆಂದು ನಾವು ಲಿಬರೇಶನ್ ಫೈಲುಗಳನ್ನು ಪೂರ್ತಿಯಾಗಿಯೇ ಕೊಡುತ್ತೇವೆ.

ಕನ್ನಡಕ್ಕೆ ಬಂದರೆ ದಾರಿ ಬೇರೆ. ಲಿಬರೇಶನ್‌ನಲ್ಲಾಗಲಿ ಕಾರ್ಲಿಟೊದಲ್ಲಾಗಲಿ ಕನ್ನಡ ಗ್ಲಿಫ್ ಇಲ್ಲ. ವಿಂಡೋಸಿನ ಫಾಂಟುಗಳಾದ ತುಂಗಾ ಅಥವಾ ನಿರ್ಮಲ ಹಾಕಿದ ಕಡೆ ನಾವು ನೋಟೊ ಸ್ಯಾನ್ಸ್ ಕನ್ನಡ ಇಟ್ಟೆವು, ಅಗಲ ಹೊಂದುವುದಿಲ್ಲವೆಂದು ತಿಳಿದೇ. ಹಾಗಾಗಿ ಹೆಸರಿನ ಕಾಲಮ್ ಅಗಲಿಸಿ, ಸಾಲಿನ ಎತ್ತರ ಹೆಚ್ಚಿಸಬೇಕಾಯಿತು. ಇಲ್ಲದಿದ್ದರೆ ‘ರಾಷ್ಟ್ರ’ದ ಒತ್ತಕ್ಷರದ ಬುಡ ಕೆಳಗಿನ ಗೆರೆಗೆ ತಾಗಿ ಕತ್ತರಿಸಿ ಹೋಗುತ್ತದೆ. ಪರೀಕ್ಷೆಗೆ ಊರ ಹೆಸರುಗಳೇ ಸಾಕು: ಸುಬ್ರಹ್ಮಣ್ಯ, ಕಾರ್ಕಳ, ಬ್ರಹ್ಮಾವರ, ಧರ್ಮಸ್ಥಳ. ಹಳೆಯ ನುಡಿ ತಂತ್ರಾಂಶದ ಎನ್‌ಕೋಡಿಂಗಿನ ನಮೂನೆಗಳಿಗೆ ಫಾಂಟ್ ಬದಲಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಅಲ್ಲಿ ಪಠ್ಯವನ್ನೇ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಈಗಿನ ನೋಟೊ ಕನ್ನಡದಲ್ಲಿ ಕಾಯ್ದಿರಿಸಿದ ಹೆಸರಿಲ್ಲ, ಆದ್ದರಿಂದ ಅದನ್ನು ಕತ್ತರಿಸಿ ಸಣ್ಣದು ಮಾಡಬಹುದು. ಕನ್ನಡ ವಲಯದ ಜೊತೆಗೆ ರೂಪಾಯಿ ಚಿಹ್ನೆ, ‘ರ‍್ಯಾಂಕ್’ ಬರೆಯಲು ಬೇಕಾಗುವ, ಕಣ್ಣಿಗೆ ಕಾಣದ ಜೋಡಕ (ZWJ), ಅರ್ಧಾಕ್ಷರ ಬಿಡಿಸುವ ವಿಯೋಜಕ (ZWNJ) ಇವನ್ನೂ ಉಳಿಸಿ. ಇನ್ನೊಂದು ವಿಷಯ: ಹೀಗೆ ಫಾಂಟ್ ಕತ್ತರಿಸುವ ಸಾಧನವಾದ ಪೈಎಫ್‌ಟಿಸಬ್‌ಸೆಟ್ ತಾನಾಗಿ ಲೈಸೆನ್ಸ್ ಇರುವ 13 ಮತ್ತು 14ನೇ ಹೆಸರು ನಮೂದುಗಳನ್ನು ಕಿತ್ತುಹಾಕುತ್ತದೆ. ಎಲ್ಲ ಹೆಸರು ನಮೂದುಗಳನ್ನೂ ಇಟ್ಟುಕೊಳ್ಳಲು ಹೇಳಿ ಓಡಿಸಬೇಕು.

ಕೋಡ್ ಇಡುವ ರೆಪೊಸಿಟರಿಯಲ್ಲಿ ಎಲ್ಲ ಸರಿಯಿದ್ದು ಇನ್‌ಸ್ಟಾಲರಿನಲ್ಲಿ ಲೈಸೆನ್ಸ್ ಫೈಲೇ ಬಿಟ್ಟುಹೋಗುವುದು ಸಾಮಾನ್ಯ, ಏಕೆಂದರೆ ಪ್ಯಾಕೇಜ್ ಸ್ಕ್ರಿಪ್ಟ್ ಟಿಟಿಎಫ್ (ಫಾಂಟ್) ಫೈಲುಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ಹಾಗಾಗಿ ನಾವು ಬಿಡುಗಡೆಗೆ ಮುಂಚೆ ಏನೂ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿ, ಪ್ರತಿ ಫಾಂಟಿನ ಪಕ್ಕದಲ್ಲೂ ಅದರ ಲೈಸೆನ್ಸ್ ಪಠ್ಯ ಇದೆಯೇ ಎಂದು ಫೋಲ್ಡರ್ ತೆರೆದು ನೋಡುತ್ತೇವೆ.